ಶಾಲೆಗಳಿಗೆ ಹೋಗುವ ಕರಡಿ

ನಮ್ಮ ಭಾವನ ಉದ್ಯೋಗ ಏನೆಂದು ಯಾರಾದರೂ ಕೇಳಿದರೆ ಅಕ್ಕ "ರಂಗಮಂದಿರದಲ್ಲಿದ್ದಾರೆ" ಎನ್ನುತ್ತಾಳೆ. ಸುಳ್ಳಲ್ಲ. ಸಂಬಳ ಬರುವುದು ಅಲ್ಲಿಂದಲೇ. ಆದರೆ ಆ ಮಂದಿರದ ರಂಗದ ಮೇಲೆ ಭಾವ ನಿಂತದ್ದನ್ನು ನೋಡಿದವರು ಕಡಿಮೆ. ಅವರು ಶಾಲೆಗಳಿಗೆ ಹೋಗುವ ಕರಡಿ.

ಊರಿನ ರಂಗಮಂದಿರಕ್ಕೂ ಶಾಲೆಗಳಿಗೂ ಒಂದು ಒಪ್ಪಂದವಿದೆ. ಮಂದಿರದವರು ವ್ಯಾನಿನಲ್ಲಿ ನಾಟಕ ಹೊತ್ತುಕೊಂಡು ಶಾಲೆಗೆ ಹೋಗಬೇಕು. ಶಾಲೆಯವರು ಬಸ್ಸಿನಲ್ಲಿ ಮಕ್ಕಳನ್ನು ತುಂಬಿಕೊಂಡು ಮಂದಿರಕ್ಕೆ ಬರಬೇಕು. ಇದಕ್ಕೆ ಸಹಭಾಗಿತ್ವ ಎಂದು ಹೆಸರು. ಇದರಲ್ಲಿ ಭಾಗ ಯಾರ್ಯಾರದೋ ತಿಳಿಯದು, ಸಹನೆಯಂತೂ ಪೂರ್ತಿ ಭಾವನದು. ಎರಡೂ ಕಡೆಯವರಿಗೆ ಸಮಾನವಾಗಿ ಇರುವುದು ಅಂಕಗಳು ಮಾತ್ರ. ಅಲ್ಲಿ ನೂರು, ಇಲ್ಲಿ ಮೂರು.

ಭಾವ ಅಲ್ಲಿ ಸೇರಿದ್ದು ನಟನಾಗಿಯೇ. ಸೇರಿದ ಹೊಸದರಲ್ಲಿ, ಕರಡಿಯಾಗಬೇಕಿದ್ದವನು ಮೆಟ್ಟಿಲಿಳಿಯುವಾಗ ಬಿದ್ದು ಕೈ ಮುರಿದುಕೊಂಡ. ವೇಷದ ಅಳತೆ ಭಾವನಿಗೆ ಹೊಂದುತ್ತಿತ್ತು. "ಒಂದು ವಾರದ ಮಟ್ಟಿಗೆ ಸುಧಾರಿಸಿ" ಎಂದರು. ಆ ವಾರ ಮುಗಿಯುವಷ್ಟರಲ್ಲಿ ಭಾವನ ತಲೆ ನರೆತಿತ್ತು.

ಶಾಲೆಗೆ ಹೋಗುವ ನಾಟಕದಲ್ಲಿ ಬುದ್ಧಿಮಾತು ಇರಲೇಬೇಕೆಂದು ನಿಯಮ. ಹಾಗಾಗಿ ನಾಟಕ ಪ್ರತಿ ವರ್ಷ ಹೊಸ ಕರಡು, ಕರಡಿ ಮಾತ್ರ ಹಳೆಯದು. ಒಂದು ವರ್ಷ ಕರಡಿ ಹಲ್ಲುಜ್ಜುವುದಿಲ್ಲ. ಮರುವರ್ಷ ಅತ್ತಿತ್ತ ನೋಡದೆ ರಸ್ತೆ ದಾಟುತ್ತದೆ. ಆಮೇಲೊಮ್ಮೆ ನಲ್ಲಿ ಬಿಟ್ಟು ಹೊರಟುಹೋಗುತ್ತದೆ. ಈಚೆಗೆ ಮೊಬೈಲು ನೋಡುತ್ತ ಊಟ ಮಾಡುತ್ತದೆ. ತಪ್ಪು ಮಾಡುವುದೇ ಕರಡಿಯ ಕೆಲಸ. ಮಾಡಿ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮಕ್ಕಳ ಕಡೆ ತಿರುಗಿ, "ಮಕ್ಕಳೇ, ನಾನು ಮಾಡಿದ್ದು ಸರೀನಾ?" ಎಂದು ಕೇಳಬೇಕು. ಮಕ್ಕಳು ಸೂರು ಹಾರಿಹೋಗುವಂತೆ "ತಪ್ಪೂ" ಎನ್ನಬೇಕು. ಅಷ್ಟಾದರೆ ಶಿಕ್ಷಣವೂ ಆಯಿತು, ಕಲೆಯೂ ಆಯಿತು. ಕಲೆ ಎಂದರೆ ವೇಷದ ಎದೆಯ ಮೇಲೇ ಬೇಕಾದಷ್ಟಿದೆ, ಯಾವ ಸೋಪಿಗೂ ಬಗ್ಗದಂಥವು. ಮಕ್ಕಳು ಊಟದ ಕೈಯಲ್ಲೇ ಬಂದು ಅಪ್ಪಿಕೊಳ್ಳುತ್ತಾರೆ.

ಆ ವೇಷದ ತಲೆಯೊಳಗಿಂದ ಹೊರಗೆ ಕಾಣುವುದು ಕರಡಿಯ ಬಾಯಿಗೆ ಹಾಕಿದ ಜಾಲರಿಯಿಂದ. ಮಾತು ಹೊರಬರಬೇಕಾದದ್ದೂ ಅಲ್ಲಿಂದಲೇ. ಮಾಮೂಲಿ ದನಿಯಲ್ಲಿ ಮಾತಾಡಿದರೆ ಅದು ಸ್ಪಂಜಿನಲ್ಲೇ ಇಂಗಿಹೋಗುತ್ತದೆ. ಅದಕ್ಕೆ ಭಾವ ಒಂದು ದನಿ ಕಂಡುಕೊಂಡರು: ಹೊಟ್ಟೆಯಿಂದ ಎದ್ದು, ಮೂಗಿನಲ್ಲಿ ಸ್ವಲ್ಪ ಹೊತ್ತು ಕೂತು, ನಿಧಾನವಾಗಿ ಹೊರಗೆ ಬೀಳುವ ದನಿ. ವರ್ಷಗಟ್ಟಲೆ ಅದರಲ್ಲೇ ಮಾತಾಡಿ ಈಗ ಅವರಿಗೆ ಬೇರೆ ದನಿಯೇ ಉಳಿದಿಲ್ಲ. ಗ್ಯಾಸು ಬುಕ್ ಮಾಡಲು ಫೋನು ಮಾಡಿದರೆ ಆ ಕಡೆಯ ಹುಡುಗಿ "ಸರ್, ನೀವು ಕರಡಿ ಅಲ್ವಾ? ನಮ್ ಸ್ಕೂಲಿಗೆ ಬರ್ತಿದ್ರಿ" ಎನ್ನುತ್ತಾಳೆ. ಅಕ್ಕ ಪಕ್ಕದಲ್ಲಿ ನಿಂತು, "ಹೌದು ಅನ್ರೀ, ಸಿಲಿಂಡರ್ ಬೇಗ ಬರ್ಲಿ" ಎನ್ನುತ್ತಾಳೆ.

ಸಂಜೆ ಮನೆಗೆ ಬಂದ ಭಾವ ಮೊದಲು ಮಾಡುವ ಕೆಲಸ ನೆಲದ ಮೇಲೆ ಉದ್ದಕ್ಕೆ ಮಲಗುವುದು. ಬಗ್ಗಿ ನಡೆದು ನಡೆದು ಸೊಂಟ ಕೆಟ್ಟಿದೆ, ಮಂಡಿ ಅದಕ್ಕಿಂತ ಮೊದಲೇ ಕೆಟ್ಟಿತ್ತು. ಅಕ್ಕ ಅವರನ್ನು ದಾಟಿಕೊಂಡೇ ಅಡುಗೆಮನೆಗೂ ಹಾಲಿಗೂ ಓಡಾಡುತ್ತಾಳೆ. ಒಂದು ದಿನ ಹಾಗೆ ಮಲಗಿಕೊಂಡೇ ಭಾವ ಸೂರಿಗೆ ಹೇಳುವವರಂತೆ ಹೇಳಿದರು:

"ನಂಗೊಂದು ಪಾತ್ರ ಸಿಕ್ಕಿದೆ."

"ಸಿಂಕಲ್ಲಿ ಇನ್ನೂ ಹತ್ತು ಪಾತ್ರೆ ಇವೆ, ಅವೂ ನಿಮ್ಮವೇ" ಎಂದಳು ಅಕ್ಕ.

"ತಮಾಷೆ ಅಲ್ವೇ. ದೊಡ್ಡ ನಾಟಕದಲ್ಲಿ. ಮುಖ ಕಾಣೋ ಪಾತ್ರ."

ಅಕ್ಕ ಕೈಯಲ್ಲಿದ್ದ ಸೌಟನ್ನು ಅಲ್ಲೇ ಟೀವಿಯ ಮೇಲಿಟ್ಟು ನೆಲಕ್ಕೆ ಕೂತಳು. ನಾನು ಆ ದಿನ ಅಲ್ಲೇ ಇದ್ದೆ. ಅವಳು ಕೇಳಿದ್ದು ಒಂದೇ: "ಕೊನೇಲಿ ಕಿತ್ಕೊಳ್ಳಲ್ಲ ತಾನೇ?"

ಪಾತ್ರ ಒಬ್ಬ ನಿವೃತ್ತ ನ್ಯಾಯಾಧೀಶನದು. ಕೊನೆಯ ಅಂಕದಲ್ಲಿ ಬಂದು, ತಾನು ಹಿಂದೆ ನಿರಪರಾಧಿಯೊಬ್ಬನನ್ನು ಜೈಲಿಗೆ ಕಳಿಸಿದ್ದನ್ನು ಒಪ್ಪಿಕೊಳ್ಳುತ್ತಾನೆ. ಅದು ಉದ್ದನೆಯ ಮಾತು, ವೇದಿಕೆಯ ಮೇಲೆ ಆಗ ಬೇರೆ ಯಾರೂ ಇರುವುದಿಲ್ಲ. ಅದಕ್ಕೆ ಗೊತ್ತುಮಾಡಿದ್ದ ಹಿರಿಯ ನಟರು ಧಾರಾವಾಹಿಯೊಂದಕ್ಕೆ ಓಡಿಹೋಗಿದ್ದರು. ಹೊಸ ನಿರ್ದೇಶಕ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದ ಭಾವನ ಮುಖ ನೋಡಿ, "ಸರ್, ನಿಮ್ಮ ಮುಖದಲ್ಲಿ ಎಷ್ಟು ಆಯಾಸ ಇದೆ" ಎಂದನಂತೆ. ಅದನ್ನು ಹೊಗಳಿಕೆಯಾಗಿ ಕೇಳಿದ್ದು ಅದೇ ಮೊದಲು ಎಂದರು ಭಾವ.

ತಾಲೀಮು ಇರುವುದು ಹಗಲಿನಲ್ಲಿ, ಶಾಲೆಗಳಿರುವುದೂ ಹಗಲಿನಲ್ಲಿ. ಶಾಲಾ ವಿಭಾಗವನ್ನು ನೋಡಿಕೊಳ್ಳುವ ಮೇಡಂ ಒಪ್ಪಬೇಕಿತ್ತು. ಆಕೆ ಕೆಟ್ಟವರಲ್ಲ, ಗಡಿಬಿಡಿಯವರು. ಒಂದು ಕಿವಿಯಲ್ಲಿ ಯಾವಾಗಲೂ ಯಾವುದೋ ಶಾಲೆಯ ಹೆಡ್‌ಮಿಸ್ ಇರುತ್ತಾರೆ.

"ನೀವು ಹೋದ್ರೆ ಕರಡಿ ಯಾರು ಸರ್?" ಎಂದರು.

"ಡ್ರೈವರ್ ಮಾಡ್ತಾನೆ" ಎಂದರು ಭಾವ.

ವ್ಯಾನಿನ ಡ್ರೈವರ್ ವರ್ಷಗಳಿಂದ ನಾಟಕ ನೋಡಿ ನೋಡಿ ಎಲ್ಲ ಮಾತನ್ನೂ ಬಾಯಿಪಾಠ ಮಾಡಿಕೊಂಡಿದ್ದ. ಸಿಗ್ನಲ್ಲಿನಲ್ಲಿ ಅಡ್ಡ ಬಂದ ಸ್ಕೂಟರಿನವರನ್ನೂ ಭಾವನ ದನಿಯಲ್ಲೇ "ನೀವು ಮಾಡಿದ್ದು ಸರೀನಾ?" ಎಂದು ಕೇಳುತ್ತಿದ್ದ. ಒಂದು ಶಾಲೆಯಲ್ಲಿ ಪರೀಕ್ಷೆಗೆ ನಿಲ್ಲಿಸಿದರು. ಭಾವ ಮೊದಲ ಸಲ ಸಭಾಂಗಣದ ಹಿಂಭಾಗದಲ್ಲಿ, ಒಂದರ ಮೇಲೊಂದು ಪೇರಿಸಿದ್ದ ಬೆಂಚುಗಳಿಗೆ ಒರಗಿಕೊಂಡು ಕರಡಿಯನ್ನು ನೋಡಿದರು. ಡ್ರೈವರ್ ಕುಣಿದ, ಬಿದ್ದ, ಎದ್ದ. ಅವನ ಮಂಡಿ ಚೆನ್ನಾಗಿತ್ತು. ಮಕ್ಕಳು ಕಿರುಚಿದರು, ಅಪ್ಪಿಕೊಂಡರು. ಯಾವ ಮಗುವಿಗೂ ವ್ಯತ್ಯಾಸ ತಿಳಿಯಲಿಲ್ಲ. ಪಿ.ಟಿ. ಮೇಷ್ಟ್ರು ಪಕ್ಕದಲ್ಲಿ ನಿಂತಿದ್ದವರು ಭಾವನಿಗೇ ಹೇಳಿದರು: "ಈ ಸಲ ಕರಡಿ ಚುರುಕಾಗಿದೆ ಅಲ್ವಾ ಸರ್? ಹೋದ ವರ್ಷ ಯಾಕೋ ಸೊರಗಿತ್ತು."

"ಹೊಟ್ಟೆಗೆ ಸರಿಯಾಗಿ ಬಿದ್ದಿರಬೇಕು" ಎಂದರಂತೆ ಭಾವ.

ವಾಪಸ್ಸು ಬರುವಾಗ ಡ್ರೈವರ್ ಬೆವರು ಒರೆಸಿಕೊಳ್ಳುತ್ತ, "ಅಣ್ಣಾ, ಹೆಂಗಿತ್ತು?" ಎಂದು ಕೇಳಿದ.

"ಚೆನ್ನಾಗಿತ್ತು."

"ನಿಜ ಹೇಳಿ."

"ಚೆನ್ನಾಗಿತ್ತು ಅಂದ್ನಲ್ಲೋ, ಮುಂದೆ ನೋಡ್ಕೊಂಡು ಓಡ್ಸು."

ಹೀಗೆ ಭಾವನಿಗೆ ಬಿಡುಗಡೆಯಾಯಿತು. ತಾಲೀಮು ಶುರುವಾಯಿತು. ಅಕ್ಕ ದಿನಾ ಅವರಿಂದ ಮಾತು ಒಪ್ಪಿಸಿಕೊಳ್ಳುವ ಕೆಲಸ ವಹಿಸಿಕೊಂಡಳು. ತರಕಾರಿ ಹೆಚ್ಚುತ್ತ, ಒಂದು ಸಾಲು ಬಿಟ್ಟುಹೋದರೆ ಚಾಕು ನಿಲ್ಲಿಸುತ್ತಿದ್ದಳು. ನ್ಯಾಯಾಧೀಶನ ಮಾತಿನ ನಡುವೆ ಒಂದು ಕಡೆ, ಅವನು ಖಾಲಿ ಕೋಣೆಯನ್ನು ನೋಡುತ್ತ, "ಅಂದು ನಾನು ಮಾಡಿದ್ದು ಸರಿಯೇ?" ಎಂದು ಕೇಳುತ್ತಾನೆ. ಇಡೀ ನಾಟಕದ ಜೀವ ಅಲ್ಲಿದೆ ಎಂದು ನಿರ್ದೇಶಕ ಹೇಳಿದ್ದ. ಆ ಸಾಲು ಬಂದಾಗಲೆಲ್ಲ ಅಕ್ಕನ ಚಾಕು ಸುಮ್ಮನೆ ನಿಲ್ಲುತ್ತಿತ್ತು. ಯಾರಿಗೂ, ನನಗೂ ಕೂಡ, ಏನೂ ಹೊಳೆಯಲಿಲ್ಲ.

ಮೊದಲ ಪ್ರದರ್ಶನಕ್ಕೆ ಮುಂಚೆ, ವೇಷ ಬೆಳಕು ಎಲ್ಲ ಇಟ್ಟುಕೊಂಡು ಒಂದು ಪೂರ್ತಿ ತಾಲೀಮು ನಡೆಯುತ್ತದೆ. ಅದಕ್ಕೆ ಶಾಲೆಯ ಮಕ್ಕಳನ್ನು ಕರೆಸುವುದು ಆ ಒಪ್ಪಂದದಲ್ಲಿ ಶಾಲೆಯವರು ಮಂದಿರಕ್ಕೆ ಬರುವ ಭಾಗ. ಕುರ್ಚಿಗಳೂ ತುಂಬುತ್ತವೆ, ಶಾಲೆಯವರಿಗೂ ಒಂದು ಹಾಜರಿ. "ನ್ಯಾಯ ಅನ್ನೋದು ಅವ್ರ ಪಾಠದಲ್ಲೇ ಇದೆ" ಎಂದಿದ್ದರು ಮೇಡಂ. ನಾನೂ ಅಕ್ಕನೂ ಹಿಂದಿನ ಸಾಲಿನಲ್ಲಿ ಕೂತಿದ್ದೆವು. ಮೊದಲೆರಡು ಅಂಕ ಮಕ್ಕಳು ಬಿಸ್ಕೆಟ್ಟಿನ ಪೊಟ್ಟಣ ಬಿಚ್ಚುವುದರಲ್ಲಿ ಕಳೆದರು. ಟೀಚರುಗಳು "ಶ್" ಎನ್ನುವುದರಲ್ಲಿ ಕಳೆದರು.

ಮೂರನೆಯ ಅಂಕದಲ್ಲಿ ಭಾವ ಬಂದರು. ಕಪ್ಪು ಕೋಟು, ನರೆಗೂದಲು, ಕೈಯಲ್ಲಿ ಕೋಲು. ಅವರ ಮುಖ ಅಷ್ಟು ದೊಡ್ಡದಾಗಿ, ಅಷ್ಟು ಬೆಳಕಿನಲ್ಲಿ ನಾನು ನೋಡಿಯೇ ಇರಲಿಲ್ಲ. ಕುರ್ಚಿಯಲ್ಲಿ ಕೂತು ಬಾಯಿ ತೆರೆದರು.

ಎರಡೇ ವಾಕ್ಯ. ಮುಂದಿನ ಸಾಲಿನಲ್ಲಿ ಒಂದು ತಲೆ ಇನ್ನೊಂದು ತಲೆಯ ಕಡೆ ತಿರುಗಿತು. ಅದು ಮತ್ತೊಂದರ ಕಡೆ. ಗಾಳಿಗೆ ಹುಲ್ಲು ಬಾಗಿದ ಹಾಗೆ ಆ ಪಿಸುಮಾತು ಸಾಲಿನಿಂದ ಸಾಲಿಗೆ ಹಿಂದಕ್ಕೆ ಬಂತು. ನಮ್ಮ ಮುಂದೆ ಕೂತ ಹುಡುಗಿ ಪಕ್ಕದವಳಿಗೆ ಹೇಳುವುದು ಕೇಳಿಸಿತು: "ಲೇ, ಕರಡಿ ಕಣೇ. ಒಳಗಡೆ ಇರೋರು."

ಅಕ್ಕ ನನ್ನ ಮೊಣಕೈ ಹಿಡಿದುಕೊಂಡಳು.

ಭಾವ ನಿಲ್ಲಲಿಲ್ಲ. ಜೈಲಿಗೆ ಹೋದವನ ಬಗ್ಗೆ ಹೇಳಿದರು, ಅವನ ಹೆಂಡತಿಯ ಬಗ್ಗೆ ಹೇಳಿದರು. ಪಿಸುಮಾತು ಅಡಗಿತು. ಬಿಸ್ಕೆಟ್ಟೂ ನಿಂತಿತು. ಮಕ್ಕಳು ನಿಜವಾಗಿ ಕೇಳುತ್ತಿದ್ದರು, ಮತ್ತೆ ಏನೋ ತಪ್ಪು ಮಾಡಿಕೊಂಡು ಬಂದಿರುವ ತಮ್ಮ ಪರಿಚಯದವರ ಮಾತನ್ನು. ಆಮೇಲೆ ಭಾವ ಮೇಲೆದ್ದು ಮುಂದೆ ಬಂದು, ಕತ್ತಲಿನ ಕಡೆ ನೋಡುತ್ತ ಕೇಳಿದರು:

"ಅಂದು ನಾನು ಮಾಡಿದ್ದು ಸರಿಯೇ?"

"ತಪ್ಪೂ" ಎಂದಿತು ಇಡೀ ಮಂದಿರ.

ಒಳ್ಳೆಯ ಉತ್ತರ. ನೂರಕ್ಕೆ ನೂರು. ಭಾವ ತುಟಿ ತೆರೆದುಕೊಂಡೇ ನಿಂತರು. ಕರಡಿಯಾಗಿದ್ದರೆ ಮುಂದಿನ ಮಾತು "ಹಾಗಾದ್ರೆ ಈಗೇನ್ ಮಾಡ್ಲಿ?" ಎಂಬುದು. ಅದು ಅವರ ಗಂಟಲಿಗೆ ಬಂದು, ಅಲ್ಲೇ ಹಿಂದೆ ಹೋದದ್ದು ನನಗೆ ಕಾಣಿಸಿತು. ಎಲ್ಲೋ ಒಬ್ಬ ಟೀಚರ್ ಚಪ್ಪಾಳೆ ಹೊಡೆದು ನಡುವೆಯೇ ನಿಲ್ಲಿಸಿದರು. ಮಕ್ಕಳು ನಕ್ಕರು, ಕೆಟ್ಟದಾಗಲ್ಲ, ಖುಷಿಗೆ. ಭಾವ ಉಳಿದ ಮಾತನ್ನು ಹೇಳಿ ಮುಗಿಸಿದರು. ಒಂದು ಸಾಲೂ ಬಿಡಲಿಲ್ಲ, ಅಕ್ಕ ಮನಸ್ಸಿನಲ್ಲೇ ಎಣಿಸುತ್ತಿದ್ದಳು.

ಮುಗಿದ ಮೇಲೆ ವೇಷ ಬದಲಿಸುವ ಕೋಣೆಗೆ ಹೋದೆವು. ಮೇಡಂ ನಮಗಿಂತ ಮೊದಲೇ ಅಲ್ಲಿದ್ದರು.

"ಸರ್, ಎಷ್ಟ್ ಚೆನ್ನಾಗಿ ತೊಡಗಿಸ್ಕೊಂಡ್ರು ಮಕ್ಳು. ಎಲ್ಲಾ ಶಾಲೆಯವ್ರೂ ಖುಷಿಯಾಗಿದ್ದಾರೆ. ನಂಗೊಂದ್ ಐಡಿಯಾ ಬಂತು. ಮಧ್ಯಂತರದಲ್ಲಿ ಕರಡಿ ಲಾಬಿಗೆ ಬಂದು ನಿಂತ್ರೆ?"

ನಿರ್ದೇಶಕ ಗೋಡೆಗೆ ತಲೆಯಾನಿಸಿ ನಿಂತಿದ್ದ. ಮೇಡಂ ಹೋದ ಮೇಲೆ ಬಾಯಿಬಿಟ್ಟ. "ಸರ್, ತಪ್ಪು ನಿಮ್ಮದಲ್ಲ. ಆದ್ರೆ ನಾಳೆ ದೊಡ್ಡೋರು ಬರ್ತಾರೆ. ಅವರಲ್ಲೂ ಅರ್ಧ ಜನ ನಿಮ್ಮ ನಾಟಕ ನೋಡಿ ಬೆಳೆದೋರೇ. ಯಾರಾದ್ರೂ ಒಬ್ರು ಉತ್ತರ ಕೊಟ್ರೆ ಮುಗೀತು."

"ಏನ್ ಮಾಡೋಣ ಅಂತೀರಿ?" ಎಂದರು ಭಾವ.

"ಒಂದೋ ಆ ಪ್ರಶ್ನೆ ತೆಗೀಬೇಕು. ಇಲ್ಲಾ..." ಎಂದು ಅವನು ತನ್ನ ಚಪ್ಪಲಿ ನೋಡಿಕೊಂಡ. ಆ ಎರಡನೆಯದನ್ನು ಅವನು ಹೇಳದಿದ್ದರೂ ಕೋಣೆಯಲ್ಲಿದ್ದ ನಮಗೆಲ್ಲ ಕೇಳಿಸಿತು.

"ಆ ಪ್ರಶ್ನೆಯಲ್ಲೇ ನಾಟಕದ ಜೀವ ಇದೆ ಅಂದಿದ್ರಿ ನೀವು" ಎಂದಳು ಅಕ್ಕ.

"ಈಗಲೂ ಅದೇ ಅಂತೀನಿ ಅಕ್ಕಾ."

ಭಾವ ಕನ್ನಡಿಯ ಮುಂದೆ ಕೂತು ಹತ್ತಿಯಿಂದ ಹಣೆಯ ಬಣ್ಣ ಒರೆಸುತ್ತಿದ್ದರು. ಒರೆಸುವುದನ್ನು ನಿಲ್ಲಿಸಲಿಲ್ಲ. "ಪ್ರಶ್ನೆ ತೆಗೀರಿ" ಎಂದರು. "ನನ್ನ ತೆಗೀಬೇಡಿ."

ಮರುದಿನ ಸಂಜೆ ನ್ಯಾಯಾಧೀಶ "ಅಂದು ನಾನು ಮಾಡಿದ್ದು ತಪ್ಪು" ಎಂದು ತಾನೇ ಹೇಳಿಬಿಟ್ಟ. ದೊಡ್ಡವರು ಕೈಕಟ್ಟಿ ಕೂತು ಕೇಳಿದರು. ಕೆಮ್ಮು ಬಂದವರು ಸಹ ಕರವಸ್ತ್ರ ಹಿಡಿದು ಮರ್ಯಾದೆಯಿಂದ ಕೆಮ್ಮಿದರು. ಯಾರೂ ಉತ್ತರ ಕೊಡಲಿಲ್ಲ, ಕೊಡಲು ಏನೂ ಇರಲಿಲ್ಲ. ಕೊನೆಗೆ ಚಪ್ಪಾಳೆ ಬಿತ್ತು, ಸಾಕಷ್ಟು. ಅಕ್ಕ ಅತ್ತಳು. ನ್ಯಾಯಾಧೀಶನಿಗಾಗಿಯೋ ಭಾವನಿಗಾಗಿಯೋ ಎಂದು ನಾನು ಕೇಳಲಿಲ್ಲ. ಪತ್ರಿಕೆಯವರೊಬ್ಬರು ಬರೆದ ವಿಮರ್ಶೆಯಲ್ಲಿ ಭಾವನಿಗೆ ಒಂದು ಪದ ಸಿಕ್ಕಿತು: ಸಮರ್ಪಕ.

"ಸಮರ್ಪಕ ಅಂದ್ರೆ ಒಳ್ಳೇದೇ ಅಲ್ವೇನ್ರೀ?" ಎಂದಳು ಅಕ್ಕ.

"ಒಳ್ಳೇದೇ" ಎಂದರು ಭಾವ. "ಅಳತೆಗೆ ಸರಿಯಾಗಿದೆ ಅಂತ."

ನಾಟಕ ಸಂಜೆ ಹೊತ್ತು ಓಡುತ್ತಿದೆ, ಇನ್ನೂ ಕೆಲವು ವಾರ ಓಡುತ್ತದಂತೆ. ತಾಲೀಮು ಮುಗಿದಿರುವುದರಿಂದ ಭಾವನ ಹಗಲುಗಳು ಖಾಲಿ. ಇದು ಮೇಡಂ ಅವರಿಗೂ ಗೊತ್ತು. ಮೊನ್ನೆ ಬೆಳಿಗ್ಗೆ ನಾನು ಅಕ್ಕನ ಮನೆಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಫೋನು ಬಂತು. ಅಕ್ಕ ಎತ್ತಿಕೊಂಡಳು. ಆ ಕಡೆಯ ಮಾತು ನನಗೂ ಕೇಳುವಷ್ಟು ಗಟ್ಟಿಯಾಗಿತ್ತು: ಡ್ರೈವರ್ ಗಂಟಲು ಕಟ್ಟಿದೆ, ಮಕ್ಕಳು ಸಾಲಾಗಿ ಕೂತಾಗಿದೆ, ಸರ್ ಒಂದೇ ಒಂದು ದಿನ ಬಂದರೆ ಸಾಕು, ಗಾಡಿ ಕಳಿಸುತ್ತೇನೆ.

ಕೋಣೆಯ ಬಾಗಿಲು ಅರ್ಧ ತೆರೆದಿತ್ತು. ಭಾವ ಮಂಚದ ಮೇಲೆ ಅಂಗಾತ ಮಲಗಿ, ಕಣ್ಣು ಬಿಟ್ಟುಕೊಂಡು ಫ್ಯಾನು ನೋಡುತ್ತಿದ್ದರು. ಅಕ್ಕ ಅವರನ್ನು ನೋಡಿದಳು. ಅವರು ಅಕ್ಕನನ್ನು ನೋಡಲಿಲ್ಲ.

"ಮಲಗಿದ್ದಾರೆ" ಎಂದಳು ಅಕ್ಕ ಫೋನಿಗೆ. "ಸಂಜೆ ಅವರಿಗೆ ನಾಟಕ ಇದೆ."

ಮಕ್ಕಳು ತುಂಬ ಬೇಜಾರು ಮಾಡಿಕೊಳ್ಳುತ್ತಾರೆ, ಅವರು ಎದ್ದ ತಕ್ಷಣ ಒಂದು ಮಾತು ಕೇಳಿ ಎಂದರು ಮೇಡಂ. ಆಯಿತು ಎಂದು ಅಕ್ಕ ಫೋನಿಟ್ಟಳು. ಬಾಗಿಲ ಹತ್ತಿರ ಹೋದಳು.

"ರೀ, ಎಚ್ಚರ ಇದ್ದೀರಾ?"

"ಇಲ್ಲ" ಎಂದರು ಭಾವ.