ಗಾಡಿಗೆ ಎಣ್ಣೆ, ಸಂಡಿಗೆಗೆ ಮಂಚ

ಒಡೆದ ಹಿಮ್ಮಡಿಗೆ ಹಚ್ಚಲೆಂದು ದೇವರ ಗೂಡಿನ ಪಕ್ಕ ಇಟ್ಟಿದ್ದ ಕೊಬ್ಬರಿ ಎಣ್ಣೆ ಬಾಟಲಿ ಕಳೆದ ವಾರ ಕಾಣೆಯಾಯಿತು. ಸಿಕ್ಕಿದ್ದೆಲ್ಲಿ ಗೊತ್ತೇ? ನಮ್ಮ ಯಜಮಾನರ ಕೈಯಲ್ಲಿ. ಅವರು ಅದನ್ನು ಸೀಟಿಗೆ ತಿಕ್ಕುತ್ತಿದ್ದರು.

ಯಾವ ಸೀಟು ಅಂತೀರಾ? ಸಂಡೂರಿನ ಮೈನ್ಸ್‌ನಿಂದ ರಿಟೈರ್ ಆದ ಮೇಲೆ ಒಂದು ಹಳೇ ವ್ಯಾನ್ ತಂದು, ಕಂಪ್ಲಿಯ ಬಡಗಿಯಿಂದ ಒಳಗೆ ಮಂಚ, ಕಪಾಟು, ಪುಟ್ಟ ಅಡುಗೆಕಟ್ಟೆ ಮಾಡಿಸಿದ್ದಾರೆ. ಮೋಟರ್‌ಹೋಮ್! ಹಂಪಿ ನೋಡಲು ಬರುವವರಿಗೆ ಬಾಡಿಗೆಗಂತೆ. (ಅರಸರೇ ಮನೆ ಬಿಟ್ಟುಹೋದ ಊರಿಗೆ ಇವರು ಚಕ್ರದ ಮನೆ ತಂದಿದ್ದಾರೆ.)

ಹೊಸಪೇಟೆಯ ಬಿಸಿಲು ನಿಮಗೆ ಗೊತ್ತಲ್ಲ. ಎರಡೇ ವಾರಕ್ಕೆ ಸೀಟಿನ ರೆಕ್ಸಿನ್ ಬಿರಿಯಿತು, ಕಪಾಟಿನ ಬಾಗಿಲು ಸೊಟ್ಟಗಾಯಿತು. ಬಿಸಿಲು ಒಳಗೆ ಬೀಳಬಾರದು, ಒಳಗಿನ ಗಾಳಿ ಪೂರ್ತಿ ಒಣಗಲೂಬಾರದು ಎಂದು ಬಡಗಿ ಫೋನಿನಲ್ಲಿ ಹೇಳಿದನಂತೆ.

ಶುರುವಾಯಿತು ಸೇವೆ. ಕಿಟಕಿಗೆ ಹೊಳೆಯುವ ಹಾಳೆ. ಮೇಲೆ ಒದ್ದೆ ಗೋಣಿಚೀಲ. ಒಳಗೆ ನಾಲ್ಕು ಬಟ್ಟಲು ನೀರು. ಜೊತೆಗೆ ನನ್ನ ಎಣ್ಣೆಯ ಅಭಿಷೇಕ. ಮರುದಿನ ಇರುವೆಗಳು ದರ್ಶನಕ್ಕೆ ಸಾಲುಗಟ್ಟಿದವು.

ಮನೆಯ ಹಿಂದಿನ ತಗಡಿನ ಮಾಡಿನ ಕೆಳಗೆ ನಾನು ಇಪ್ಪತ್ತೈದು ಬೇಸಿಗೆ ಅಡುಗೆ ಮಾಡಿದ್ದೇನೆ. ನನ್ನ ಅಡುಗೆಮನೆಗೆ ಯಾರೂ ಗೋಣಿ ಹೊದಿಸಲಿಲ್ಲ. (ಇರಲಿ, ತಗಡಾದರೂ ಇದೆಯಲ್ಲ. ವಿರೂಪಾಕ್ಷ ದೊಡ್ಡವನು.)

ನನ್ನ ಚಿಂತೆಯೇ ಬೇರೆ ಇತ್ತು. ಎಮ್ಮಿಗನೂರಿಗೆ ಕೊಟ್ಟ ಮಗಳ ಸೀಮಂತ ಶುಕ್ರವಾರ. ತವರಿನ ಅಕ್ಕಿ ಸಂಡಿಗೆ ಹೋಗದಿದ್ದರೆ ಬೀಗಿತ್ತಿ ವರ್ಷವಿಡೀ ಮಗಳನ್ನು ಆಡಿಕೊಳ್ಳುತ್ತಾಳೆ. ಮಾಳಿಗೆಯ ಮೇಲೆ ಹಾಕಿದ ಮೊದಲ ಸುತ್ತಿನಲ್ಲಿ ಅರ್ಧ ಕೋತಿಗಳ ಪಾಲಾಯಿತು. ಉಳಿದದ್ದಕ್ಕೆ ಅದಿರು ಲಾರಿಯ ಕೆಂಪು ಧೂಳು. ಖಾರದ ಸಂಡಿಗೆಯಾ ಎಂದು ಪಕ್ಕದ ಮನೆಯಾಕೆ ಕೇಳಿದಳು.

ಕೋತಿ ಬಾರದ, ಧೂಳು ಬೀಳದ, ಎಷ್ಟು ಗೋಣಿ ಹೊದಿಸಿದರೂ ಒಲೆಯಂತೆ ಕಾಯುವ ಜಾಗ ಎಲ್ಲಿದೆ? ಮನೆಯ ಮುಂದೆಯೇ ನಿಂತಿತ್ತು!

ಯಜಮಾನರು ದಿನಾ ಬೆಳಿಗ್ಗೆ ಗಿರಾಕಿ ಹುಡುಕಲು ಹಂಪಿ ಬಜಾರಿಗೆ ಹೋಗುವರು. ಅತ್ತ ಅವರು ಹೋದರೆ ಇತ್ತ ನಾನು ನೀರಿನ ಬಟ್ಟಲುಗಳನ್ನು ಹೊರಗಿಡುವೆ. (ನೀರಿದ್ದರೆ ಸಂಡಿಗೆ ಒಣಗೀತೇ?) ಮಂಚದ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಬಿಸಿ ಹಿಟ್ಟಿನ ಸಂಡಿಗೆ ಒತ್ತುವೆ. ಸಂಜೆ ಎಲ್ಲ ತೆಗೆದು ಬಟ್ಟಲುಗಳನ್ನು ಮತ್ತೆ ಒಳಗಿಡುವೆ. ಮೂರು ದಿನ ಹೀಗೇ ನಡೆಯಿತು. ನಾನು ಸುಳ್ಳು ಹೇಳಲಿಲ್ಲ. ಅವರು ಕೇಳಲಿಲ್ಲ, ಅಷ್ಟೆ.

ಗುರುವಾರ ಬಡಗಿ ಕಪಾಟಿಗೆ ಹೊಸ ಬಾಗಿಲು ಹೊತ್ತು ಬಂದ. ಹಳೆಯದನ್ನು ತಟ್ಟಿ, ತೆಗೆದು, ಹಾಕಿ ನೋಡಿದ. ಸೊಟ್ಟ ಇಳಿದಿದೆ, ಹೊಸದು ಬೇಕಿಲ್ಲ ಎಂದ. ಯಜಮಾನರು ಎದೆಯುಬ್ಬಿಸಿ ನಾಲ್ಕು ಬಟ್ಟಲಿನ ಮಹಿಮೆ ಹೇಳತೊಡಗಿದರು. ಅಷ್ಟರಲ್ಲಿ ಅವನು ಮಂಚದ ಸಂದಿಗೆ ಕೈ ಹಾಕಿ ಏನನ್ನೋ ಎತ್ತಿ ಮೂಸಿದ.

"ಜೀರಿಗಿ ಹಾಕೀರೇನ್ರಿ ಅಕ್ಕಾರ? ಹಿಟ್ಟಿನ ಹಸಿ ಎಲ್ಲಾ ಕಟ್ಟಿಗಿ ಕುಡಿದೈತ್ರಿ. ನಾಕ ಬಟ್ಟಲ ನೀರಿಗೆ ಆಗೋ ಕೆಲಸ ಅಲ್ಲ ಇದು."

ಯಜಮಾನರು ನನ್ನತ್ತ ನೋಡಿದರು. ನಾನು ಮನಸ್ಸಿನಲ್ಲೇ ಸ್ವಾಮಿಯನ್ನು ನೆನೆದೆ. ಅವರು ಆ ಸಂಡಿಗೆಯನ್ನು ಬಡಗಿಯ ಕೈಯಿಂದ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು.

"ಉಪ್ಪು ಕಡಿಮಿ ಆಗೇತಿ" ಎಂದರು. ಅಗಿದು ಮುಗಿಸಿದ ಮೇಲೆ, "ಗಿರಾಕಿ ಬರೂತನಕ ದಿನಾ ಒಂದ್ ಸುತ್ತು ಹಾಕು ಲೇ. ಗಾಡಿಗೆ ಭಾಳ ಚಲೋ" ಎಂದರು.

ಸಂಡಿಗೆ ಎಮ್ಮಿಗನೂರಿಗೆ ಹೋಯಿತು. ಬೀಗಿತ್ತಿ ಎರಡನೇ ಸಲ ಹಾಕಿಸಿಕೊಂಡಳಂತೆ. ಮಗಳು ಬಚಾವ್. ಅಷ್ಟು ಸಾಕು ನನಗೆ. ಈಗ ದಿನಾ ನಿಂತು ಹಿಟ್ಟು ಕುದಿಸುತ್ತೇನೆ, ಅದೇ ತಗಡಿನ ಕೆಳಗೆ. ನಿನ್ನೆ ಎಣ್ಣೆ ಕೇಳಿದ್ದಕ್ಕೆ ಖಾಲಿ ಬಾಟಲಿ ಕೈಗೆ ಕೊಟ್ಟರು.

ಹಿಮ್ಮಡಿಗೂ ರೆಕ್ಸಿನ್ ಹೊಲಿಸಿಕೊಂಡರೆ ಎಣ್ಣೆ ಸಿಕ್ಕೀತೇನೋ?