ಅವ್ವನ ಕ್ರೋಶಾ, ಅಕ್ಕನ ಊರಿನ ದಾರಿ

ನೇಕಾರರ ಮನೆಯಲ್ಲಿ ಹೊದೆಯಲು ಬಟ್ಟೆಗೇನು ಕಡಿಮೆ ಎಂದು ನೀವು ಅಂದುಕೊಂಡಿದ್ದರೆ, ಗೆಳೆಯರೆ, ನೀವು ಬೆಟಗೇರಿಯ ನಮ್ಮ ಓಣಿಗೆ ಚಳಿಗಾಲದಲ್ಲಿ ಬಂದವರಲ್ಲ. ಮಗ್ಗದಿಂದ ಇಳಿದ ಸೀರೆ ಮನೆಯ ಹೆಣ್ಣುಮಕ್ಕಳ ಕೈ ಸೋಕುವ ಮೊದಲೇ ಸಾವಕಾರರ ಅಂಗಡಿ ಸೇರುತ್ತಿತ್ತು. ನಮ್ಮ ಪಾಲಿಗೆ ಉಳಿಯುತ್ತಿದ್ದುದು ಹಳೆಯ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದ ಕೌದಿ, ಮತ್ತೆ ಹಾಸಿನ ತುದಿಗಳು. ಹಾಸೆಂದರೆ ಮಗ್ಗದಲ್ಲಿ ಉದ್ದಕ್ಕೆ ಬಿಗಿದ ನೂಲು. ಸೀರೆ ಕತ್ತರಿಸಿ ಇಳಿಸಿದ ಮೇಲೆ ಅದರ ತುದಿ ಒಂದಿಷ್ಟು ನೇಯಲು ಬಾರದೆ ಉಳಿದುಬಿಡುತ್ತದೆ. ಬೇರೆ ಮನೆಗಳಲ್ಲಿ ಅದು ಹೂ ಕಟ್ಟಲು ಹೋಗುತ್ತಿತ್ತು, ನಮ್ಮಲ್ಲಿ ಅವ್ವನ ಬುಟ್ಟಿಗೆ.

ನಾನು ಹುಟ್ಟಿದಾಗ ಅವ್ವ ಜ್ವರ ಬಿಡದೆ ಬಹಳ ದಿನ ದವಾಖಾನೆಯಲ್ಲಿ ಮಲಗಿದ್ದಳಂತೆ. ಅಲ್ಲಿಯ ನರ್ಸಬಾಯಿಯೊಬ್ಬಳು ಬಿಡುವು ಸಿಕ್ಕಾಗಲೆಲ್ಲ ಕಿಟಕಿಯ ಹತ್ತಿರ ಕೂತು, ಕೊಕ್ಕೆಮೂತಿಯ ಕಡ್ಡಿಯೊಂದರಿಂದ ದಾರ ಹೆಣೆಯುತ್ತಿದ್ದಳು. ಮಲಗಿದಲ್ಲೇ ನೋಡಿ ನೋಡಿ, ಕೇಳಿ ಕೇಳಿ, ಮನೆಗೆ ಬರುವಾಗ ಅವ್ವ ಒಂದು ಕಂಕುಳಲ್ಲಿ ನನ್ನನ್ನೂ ಬೆರಳ ತುದಿಯಲ್ಲಿ ಕ್ರೋಶಾ ಹೆಣಿಕೆಯನ್ನೂ ತಂದಳು. ಅಪ್ಪ ಮುರಿದ ಕೊಡೆಯ ಕಡ್ಡಿಯನ್ನು ಕಲ್ಲಿಗೆ ತಿಕ್ಕಿ ಕೊಕ್ಕೆ ಮಾಡಿಕೊಟ್ಟ. ಮಾಡಿಕೊಟ್ಟವನೇ ನಗುತ್ತಲೂ ಇದ್ದ. ಹಾಸಿಲ್ಲ, ಹೊಕ್ಕಿಲ್ಲ, ಮಗ್ಗವಿಲ್ಲ, ಇದನ್ನು ಬಟ್ಟೆ ಅನ್ನುವುದು ಹೇಗೆ ಎಂಬುದು ಅವನ ತಕರಾರು.

ನೇಕಾರನಿಗೆ ಹಾಗೆ ಅನಿಸುವುದು ಸಹಜ. ಮಗ್ಗದ ಬಟ್ಟೆಗೆ ಉದ್ದದ ಹಾಸು, ಅಡ್ಡದ ಹೊಕ್ಕು, ಈ ಎರಡು ನೂಲುಗಳ ದಾಂಪತ್ಯ ಬೇಕು. ಕ್ರೋಶಾಕ್ಕೆ ಒಂದೇ ಎಳೆ ಸಾಕು. ಒಂದು ಕುಣಿಕೆ, ಅದರ ಒಳಗಿಂದ ಇನ್ನೊಂದು, ಅದರೊಳಗಿಂದ ಮತ್ತೊಂದು. ಹಿಂದಿನದರ ಕೈ ಹಿಡಿದುಕೊಂಡೇ ಮುಂದಿನದು ಹುಟ್ಟುತ್ತದೆ. ಕೊನೆಯ ಕುಣಿಕೆಗೆ ಗಂಟು ಬೀಳುವವರೆಗೂ ಅದು ಮುಗಿದದ್ದಲ್ಲ. ಎಳೆದರೆ ಬಿಚ್ಚಿಕೊಳ್ಳುತ್ತದೆ, ಹೆಣೆದರೆ ಬೆಳೆಯುತ್ತದೆ. ಹೀಗೆ ಬೆಳೆದು ಬೆಳೆದು ಪಂಚಮಿಗೆ ಬರುವ ಹೆಣ್ಣುಮಕ್ಕಳಿಗೆ ಎಲೆಅಡಿಕೆಯ ಸಂಚಿಯಾಗುತ್ತಿತ್ತು, ದೀಪಾವಳಿಗೆ ಬಾಗಿಲ ತೋರಣವಾಗುತ್ತಿತ್ತು, ಹುಟ್ಟಿದ ಕೂಸಿನ ತಲೆಗೆ ಕುಲಾಯಿಯಾಗುತ್ತಿತ್ತು. ಅವ್ವನ ತವರು ಲಕ್ಷ್ಮೇಶ್ವರ ಆಗ ಒಬ್ಬ ರಾಜರ ಸೀಮೆ. ಚಿಕ್ಕವ್ವ ಇದ್ದ ಶಿರಹಟ್ಟಿ ಇನ್ನೊಬ್ಬ ರಾಜರ ಸೀಮೆ. ನಾವು ಮುಂಬಯಿ ಸರಕಾರದವರು. ಅವ್ವನ ಹಬ್ಬದ ಉಡುಗೊರೆಗಳು ಈ ಎಲ್ಲ ರಾಜ್ಯಗಳಲ್ಲೂ ತೂಗಾಡುತ್ತಿದ್ದವು.

ನನ್ನ ಅಕ್ಕ ನೀಲವ್ವನನ್ನು ಕೊಟ್ಟದ್ದು ಮುಂಡರಗಿಯಿಂದ ಆಚೆಗೆ, ನಿಜಾಮರ ಆಳ್ವಿಕೆಯ ಒಂದು ಹಳ್ಳಿಗೆ. ಮೊಗಲಾಯಿ ಎಂದು ನಮ್ಮವರು ಆ ಸೀಮೆಯನ್ನು ಕರೆಯುತ್ತಿದ್ದರು. ಒಳ್ಳೆಯ ಎರೆಹೊಲದ ಮನೆತನ. ಅಕ್ಕನ ಅತ್ತೆ ಸಂಗವ್ವ ಮಾತ್ರ ಬಾಯಿ ಖಾರದ ಹೆಂಗಸು. ಮದುವೆಯಲ್ಲಿ ಅವ್ವ ಆಸೆಯಿಂದ ಹೆಣೆದುಕೊಟ್ಟ ಹಾಸಿಗೆಯ ಹೊದಿಕೆಯನ್ನು ಹತ್ತು ಜನರ ನಡುವೆ ಬೆಳಕಿಗೆ ಹಿಡಿದು, "ನೇಕಾರರ ಮನಿಯಿಂದ ತೂತಿನ ಬಟ್ಟಿ ಬಂದೈತಿ, ನೋಡ್ರೆವಾ" ಎಂದಳು. ಹೆಂಗಸರು ನಕ್ಕರು. ಅವ್ವನೂ ನಕ್ಕಳು, ಆದರೆ ಅದಾದ ಮೇಲೆ ಬಹಳ ದಿನ ಅವಳ ಕೊಕ್ಕೆ ಗೋಡೆಯ ಗೂಡಿನಲ್ಲೇ ಇತ್ತು.

ಅದು ಮತ್ತೆ ಕೈಗೆ ಬಂದದ್ದು ಸ್ವಾತಂತ್ರ್ಯ ಬಂದ ವರ್ಷ. ಗದುಗಿನ ಬೀದಿಗಳಲ್ಲಿ ಬಾವುಟ ಹಾರಿತು, ಶಾಲೆಯಲ್ಲಿ ನಮಗೆಲ್ಲ ಪೇಡೆ ಕೊಟ್ಟರು. ಅಕ್ಕ ಆಗ ಬಸುರಿ. ಚೊಚ್ಚಲ ಬಾಣಂತನಕ್ಕೆ ಅವಳನ್ನು ಕರೆತರಲು ಅಪ್ಪ ಹೊರಡಬೇಕೆನ್ನುವಷ್ಟರಲ್ಲಿ ಗಡಿಯಾಚೆ ಗಲಾಟೆ ಹೆಚ್ಚಾಯಿತು. ನಮ್ಮ ಕಡೆ ಬಂದ ಸ್ವಾತಂತ್ರ್ಯ ಅವರ ಕಡೆ ಬಂದಿರಲಿಲ್ಲ. ಊರು ಬಿಟ್ಟವರು ಗಂಟುಮೂಟೆ ಹೊತ್ತು ಮುಂಡರಗಿಗೆ, ಗದುಗಿಗೆ ಬರತೊಡಗಿದರು. ಅಕ್ಕನ ಮನೆಯವರು ಬರಲಿಲ್ಲ. ಅಲ್ಲಿಂದ ಬಂದ ಗಾಡಿಯವನೊಬ್ಬ ನೀಲವ್ವನಿಗೆ ಹೆಣ್ಣು ಕೂಸು ಹುಟ್ಟಿದೆ ಎಂಬ ಖಬರು ಮುಟ್ಟಿಸಿದ. ಅದಾದ ಮೇಲೆ ದಾರಿ ಮುಚ್ಚಿತು. ಆ ಕಡೆಯ ಗಾಳಿಯೂ ಈ ಕಡೆ ಬೀಸದಂತಾಯಿತು.

ಖಬರು ಬಂದ ದಿನವೇ ಅವ್ವ ಗೂಡಿನಿಂದ ಕೊಕ್ಕೆ ತೆಗೆದಳು. ಎಳೆಯ ಕೂಸಿಗೊಂದು ಹೊದಿಕೆಯೆಂದು ಎಳೆಗೆ ಎಳೆ ಗಂಟಿಕ್ಕಿ ಶುರುಮಾಡಿದಳು: ಒಂದಿಷ್ಟು ಕೆಂಪು, ಒಂದಿಷ್ಟು ಹಸಿರು, ನಡುವೆ ಚಂದ್ರಕಾಳಿ ಸೀರೆಯ ಕಪ್ಪು, ಬುಟ್ಟಿಯಲ್ಲಿ ಸಿಕ್ಕಿದ ಬಣ್ಣವೇ ಬಣ್ಣ. ಕೂಸಿನ ಅಳತೆಗೆ ಬಂದಾಗ ಅವಳು ನಿಲ್ಲಿಸಲಿಲ್ಲ. ತೊಟ್ಟಿಲಿನ ಅಳತೆ ದಾಟಿತು, ಆಗಲೂ ನಿಲ್ಲಿಸಲಿಲ್ಲ. ಸುತ್ತು ಸುತ್ತಿಗೆ ಅದು ಹಿರಿದಾಗಿ ಅವಳ ಮಡಿಲಿನಿಂದ ಇಳಿದು ನೆಲದ ಮೇಲೆ ಹರಡಿಕೊಳ್ಳುತ್ತಿತ್ತು. ನಾನು ಒಂದು ಅಂಚಿನಲ್ಲಿ ಕೂತು ಎಳೆಗಳಿಗೆ ಗಂಟು ಹಾಕಿಕೊಡುತ್ತಿದ್ದೆ. ಊರು ಬಿಟ್ಟು ಬಂದವರು ತಂಗಿದಲ್ಲೆಲ್ಲ ಅಪ್ಪ ಅವ್ವ ಹೋಗಿ ಕೇಳಿ ಬರುತ್ತಿದ್ದರು. ಬಂದವರೇ ಅಪ್ಪ ಕಾಲಿಳಿಸಿ ನೇಯುವ ಮಗ್ಗದ ಕುಣಿಗೆ ಇಳಿಯುತ್ತಿದ್ದ, ಅವ್ವ ಹೊದಿಕೆಯ ಮುಂದೆ ಕೂರುತ್ತಿದ್ದಳು.

ಒಂದು ಮಧ್ಯಾಹ್ನ ಅಪ್ಪನಿಗೆ ತಡೆಯಲಾಗಲಿಲ್ಲ. ಮಗ್ಗ ನಿಲ್ಲಿಸಿ, ಇನ್ನು ಸಾಕು, ಗಂಟು ಹಾಕಿ ಮುಗಿಸು ಎಂದ. ಅವ್ವ ತಲೆ ಎತ್ತದೆ ಹೇಳಿದಳು:

"ಮುಗಸಿದ್ರ ಮಡಚಿ ಇಡಬೇಕಾಗತೈತಿ. ಮಡಚಿ ಇಡಾಕ ನನ್ನ ಕೈ ಬರೂದಿಲ್ಲ."

ಅಪ್ಪ ಮತ್ತೆ ಮಗ್ಗ ಶುರುಮಾಡಿದ. ಅವನೂ ಒಳಗೊಳಗೇ ಅದೇ ಲೆಕ್ಕ ಹಾಕುತ್ತಿದ್ದನೆಂದು ಈಗ ನನಗೆ ತಿಳಿಯುತ್ತದೆ. ಮುಗಿದ ಹೊದಿಕೆ ಪೆಟ್ಟಿಗೆಗೆ ಹೋಗುತ್ತದೆ, ಮುಗಿಯದ ಹೊದಿಕೆ ಯಾರಿಗಾಗಿಯೋ ಕಾಯುತ್ತದೆ. ಕಾಯುವುದೆಂದರೆ ಕೈಕಟ್ಟಿ ಕೂರುವುದೆಂದು ನಾವು ತಿಳಿದಿರುತ್ತೇವೆ. ಅವ್ವನಿಗೆ ಅದು ದುಡಿಮೆಯಾಗಿತ್ತು.

ಬೇಸಗೆಯ ಹೊತ್ತಿಗೆ ಬುಟ್ಟಿ ಬರಿದಾಯಿತು. ಮಹಾಯುದ್ಧ ಮುಗಿದರೂ ನೂಲಿನ ಕಂಟ್ರೋಲು ಪೂರಾ ಮುಗಿದಿರಲಿಲ್ಲ; ಅಳೆದು ಕೊಟ್ಟ ನೂಲಿನಲ್ಲಿ ಒಂದೆಳೆ ಆಚೀಚೆಯಾದರೂ ಅಪ್ಪ ಸಿಡುಕುತ್ತಿದ್ದ. ಓಣಿಯ ಮನೆಮನೆಗೂ ಹೋಗಿ ನಾನು ಹಾಸಿನ ತುದಿ ಬೇಡಿ ತಂದೆ, ಅದೂ ತೀರಿತು. ಅವ್ವ ಬರಿಯ ಕೊಕ್ಕೆ ಹಿಡಿದು ಹೊಸ್ತಿಲಲ್ಲಿ ಕೂತಿದ್ದಳು. ಅಪ್ಪ ಒಳಗಿನಿಂದ ಬಂದು ಹೊಚ್ಚಹೊಸ ಕೆಂಪು ನೂಲಿನ ಲಡಿಯೊಂದನ್ನು ಅವಳ ಮಡಿಲಿಗೆ ಹಾಕಿದ. ಮಗ್ಗಕ್ಕೆಂದು ಬಣ್ಣ ಕಟ್ಟಿಸಿ ತಂದ ನೂಲು. ಅವ್ವ ಅವನ ಮುಖ ನೋಡಿದಳು.

"ಸೀರಿ ಒಂದು ಕಡಿಮಿ ನೇಯತೀನಿ," ಎಂದ ಅಪ್ಪ. "ನೀ ನಿಲ್ಲಸಬ್ಯಾಡ."

ನೇಯ್ಗೆಯಲ್ಲದ್ದು ಬಟ್ಟೆಯೇ ಅಲ್ಲ ಎನ್ನುತ್ತಿದ್ದ ಮನುಷ್ಯ ಆ ದಿನದಿಂದ ಸಂಜೆ ಮಗ್ಗ ಬಿಟ್ಟು ಬಂದು, ಅವ್ವನ ಎದುರು ಕೂತು, ಲಡಿ ಬಿಚ್ಚಿ ಉಂಡೆ ಸುತ್ತಿಕೊಡುತ್ತಿದ್ದ. ಅವರಿಬ್ಬರು ಅಷ್ಟು ಹತ್ತಿರ ಕೂತದ್ದನ್ನು ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

ಮಳೆಗಾಲದ ಕೊನೆಗೆ ಆಚೆಯ ಸೀಮೆಯಲ್ಲಿ ಸರಕಾರ ಬದಲಾಯಿತು, ದಾರಿ ತೆರೆಯಿತು ಎಂಬ ಸುದ್ದಿ ಬಂತು. ಅಪ್ಪ ಹೋಗಿ ಬಂದ. ಮನೆಗೆ ಬೀಗ, ಊರವರಿಗೂ ಗೊತ್ತಿಲ್ಲ. ಅವ್ವ ಕೇಳಿಸಿಕೊಂಡಳು, ಇನ್ನೊಂದು ಸುತ್ತು ಶುರುಮಾಡಿದಳು.

ದೀಪಾವಳಿ ಹತ್ತಿರ ಬಂದಿತ್ತು. ಬೆಳಗಿನ ಥಂಡಿಯಲ್ಲಿ ನಾನು ಅಂಗಳಕ್ಕೆ ಸೆಗಣಿ ಹಾಕುತ್ತಿದ್ದಾಗ ಓಣಿಯ ತಿರುವಿನಲ್ಲಿ ಎತ್ತಿನ ಗಾಡಿಯೊಂದು ನಿಂತಿತು. ಮೊದಲು ಇಳಿದವನು ಭಾವ, ಆಮೇಲೆ ಬಡಕಲಾದ ಅಕ್ಕ, ಕೊನೆಗೆ ಸಂಗವ್ವ. ಕೂಸು ಸಂಗವ್ವನ ಸೆರಗಿನೊಳಗೆ ಇತ್ತು. ನಾನು ಕೂಗುವಷ್ಟರಲ್ಲಿ ಗಾಡಿಯ ಸಪ್ಪಳಕ್ಕೆ ಅವ್ವನೇ ಹೊರಗೆ ಬಂದು, ಮಗಳನ್ನು ಕಂಡು, ಕಂಬ ಹಿಡಿದು ನಿಂತಳು. ಅಕ್ಕ ಓಡಿ ಬಂದು ತಬ್ಬಿಕೊಂಡಳು.

ಬಾಣಂತಿಯನ್ನು ಕರೆದುಕೊಂಡು ಗಡಿಯ ಕಡೆ ಬರುವುದು ಅಪಾಯವೆಂದು, ಅವರು ಒಳನಾಡಿನ ನೆಂಟರ ಹೊಲದ ಗುಡಿಸಲುಗಳಲ್ಲಿ ಊರಿಂದೂರಿಗೆ ಉಳಿದುಕೊಂಡಿದ್ದರಂತೆ. ಕೂಸಿಗೆ ಕೆಮ್ಮು ಹತ್ತಿದಾಗ ಸಂಗವ್ವ ತನ್ನ ಸೀರೆಯನ್ನು ಅರ್ಧ ಹರಿದು ಅದಕ್ಕೆ ಸುತ್ತಿ, ಮಳೆಯಲ್ಲಿ ಎದೆಗೆ ಒತ್ತಿಕೊಂಡು ನಡೆದಳಂತೆ. ಎಲ್ಲವನ್ನೂ ಹೇಳಿ ಅಕ್ಕ ಕೊನೆಗೆ, "ಅತ್ತಿ ಇಲ್ಲದಿದ್ರ ಕೂಸು ಉಳೀತಿರಲಿಲ್ಲವಾ" ಎಂದಳು.

ಅವ್ವ ಎದ್ದಳು. ಹೊದಿಕೆಯ ತುದಿಯಲ್ಲಿ ಕೊಕ್ಕೆ ಇನ್ನೂ ಸಿಕ್ಕಿಕೊಂಡಿತ್ತು. ಕೂಸಿಗೆಂದು ಶುರುವಾಗಿ ಇಡೀ ಪಡಸಾಲೆಯನ್ನು ತುಂಬಿದ್ದ ಅದನ್ನು ಎರಡೂ ಕೈಯಲ್ಲಿ ಎತ್ತಿ ತಂದು, ಮೊದಲು ಹೊದಿಸಿದ್ದು ಸಂಗವ್ವನ ಹೆಗಲಿಗೆ. ಆಮೇಲೆ ಅವಳ ಮಡಿಲಲ್ಲಿದ್ದ ಕೂಸಿಗೆ, ಪಕ್ಕದಲ್ಲಿದ್ದ ಅಕ್ಕನಿಗೆ, ಸಂಕೋಚದಿಂದ ಸರಿದು ಕೂತಿದ್ದ ಭಾವನಿಗೂ. ಎಲ್ಲರಿಗೂ ಸಾಲುವಷ್ಟು ಇತ್ತು. ಸಂಗವ್ವ ಹೊದಿಕೆಯ ಕಣ್ಣುಗಳಲ್ಲಿ ಬೆರಳಾಡಿಸಿದಳು. ಆಮೇಲೆ ಮೆಲ್ಲಗೆ, "ತೂತಿನ ಬಟ್ಟಿ ಇಷ್ಟು ಬೆಚ್ಚಗಿರತೈತಿ ಅಂತ ನನಗ ಗೊತ್ತಿರಲಿಲ್ಲ ಬೀಗತಿ" ಎಂದಳು. ಇಬ್ಬರೂ ಒಟ್ಟಿಗೇ ನಕ್ಕರು, ಒಟ್ಟಿಗೇ ಅತ್ತರು. ಅವ್ವ ಅಲ್ಲೇ ಕೂತು ಕೊನೆಯ ಕುಣಿಕೆಗೆ ಗಂಟು ಹಾಕಿ, ಹಲ್ಲಿನಿಂದ ದಾರ ಕಡಿದಳು. ಆ ಸಲದ ಹಬ್ಬದಲ್ಲಿ ನಮ್ಮ ಮನೆಯಲ್ಲಿ ಸಿಹಿ ಏನು ಮಾಡಿದ್ದೆವೋ ನೆನಪಿಲ್ಲ. ಎಲ್ಲರೂ ಇದ್ದೆವು ಎಂಬುದು ನೆನಪಿದೆ.

ಅಕ್ಕನ ಮನೆ ಮತ್ತೆ ತುಂಬಿಕೊಂಡಿತು. ಆದರೆ ಗಡಿ ಅಲ್ಲೇ ಇತ್ತು, ಗಡಿಯ ನಾಕಾದಲ್ಲಿ ದಾರಿಗೆ ಅಡ್ಡಲಾಗಿ ಗಳವೂ ಇತ್ತು. ಹಬ್ಬ ಬಂದಾಗಲೆಲ್ಲ ಅವ್ವ ಮಗಳ ಮನೆಗೆ ಉಡುಗೊರೆ ಒಯ್ಯುವವಳು. ನಾಕಾದವರು ಚೀಲ ಬಿಚ್ಚಿಸಿ, ಸಂಚಿ, ಕುಲಾಯಿ, ತೋರಣಗಳನ್ನು ಒಂದೊಂದಾಗಿ ಹೊರಗೆಳೆದು, ಮಾರುವುದಕ್ಕೋ ಎಂದು ಕೇಳುವರು. ಒಮ್ಮೆ ಒಬ್ಬ ತೋರಣವನ್ನು ಕೋಲಿನ ತುದಿಯಿಂದ ಎತ್ತಿ ನೋಡಿದ. ಅವ್ವ ಸುಮ್ಮನೆ ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡಳು. ದಾರಿಯುದ್ದಕ್ಕೂ ಒಂದೇ ಮಾತು ಆಡಿದ್ದು: ಮಗಳ ಮನೆಗೆ ಹೋಗುವುದಕ್ಕೆ ಇನ್ನೊಬ್ಬರ ಅಪ್ಪಣೆ ಯಾಕೆ ಬೇಕು ಎಂದು. ದೊಡ್ಡ ದೊಡ್ಡ ಸಭೆಗಳಲ್ಲಿ ಕನ್ನಡ ಸೀಮೆ ಒಂದಾಗಬೇಕೆಂದು ಭಾಷಣ ಮಾಡುತ್ತಿದ್ದ ಕಾಲ ಅದು. ಅವ್ವ ಯಾವ ಸಭೆಗೂ ಹೋದವಳಲ್ಲ. ಆದರೆ ಆ ಭಾಷಣಗಳ ತಿರುಳನ್ನು ಅಷ್ಟು ಸಣ್ಣ ಮಾತಿನಲ್ಲಿ ಹೇಳಿದವರನ್ನು ನಾನು ಬೇರೆ ಕಾಣೆ.

ಏಕೀಕರಣವಾದ ವರ್ಷ ದೀಪಾವಳಿ ಅದರ ಬೆನ್ನಿಗೇ ಬಂತು. ಲಕ್ಷ್ಮೇಶ್ವರ, ಶಿರಹಟ್ಟಿ, ಬೆಟಗೇರಿ, ಅಕ್ಕನ ಊರು ಎಲ್ಲವೂ ಒಂದೇ ರಾಜ್ಯವೆಂದು ಓಣಿಯಲ್ಲಿ ಡಂಗುರವಾಯಿತು. ಅವ್ವ ಅಕ್ಕನ ಬಾಗಿಲಿಗೆಂದು ಅಲ್ಲಿಯವರೆಗೆ ಹೆಣೆದುದಕ್ಕೆಲ್ಲ ಮಿಗಿಲಾದ ತೋರಣ ಹೆಣೆದಿದ್ದಳು: ಕೆಂಪು, ಹಳದಿ, ಕೆಳಗೆ ಸಾಲಾಗಿ ಗಿಳಿಗಳು. ನಾನೂ ಅವಳೂ ಮುಂಡರಗಿಯಲ್ಲಿ ಬಸ್ಸು ಹತ್ತಿದೆವು. ನಾಕಾದ ಹತ್ತಿರ ಬಂದಾಗ ಗಳ ಇರಲಿಲ್ಲ, ಅದನ್ನು ಹೊತ್ತಿದ್ದ ಕಲ್ಲುಕಂಬಗಳಷ್ಟೇ ದಾರಿಯ ಎರಡೂ ಬದಿಗೆ ನಿಂತಿದ್ದವು. ಬಸ್ಸು ನಿಲ್ಲದೆ ಮುಂದೆ ಸಾಗುವುದರಲ್ಲಿತ್ತು.

"ನಿಲ್ಲಸ್ರಿ," ಎಂದಳು ಅವ್ವ.

ಕಂಡಕ್ಟರನು ಇಲ್ಲಿ ಯಾವ ಊರೂ ಇಲ್ಲ, ಇಳಿದು ಏನು ಮಾಡುತ್ತೀರಿ ಎಂದು ಕೇಳಿದ.

"ನಡದು ದಾಟತೀನಿ. ಇಷ್ಟು ವರ್ಷ ಅವರು ಬಿಟ್ಟಾಗ ದಾಟೀನಿ. ಇವತ್ತು ನಾನಾಗೇ ದಾಟತೀನಿ."

ಬಸ್ಸಿನಲ್ಲಿ ಯಾರೂ ಗೊಣಗಲಿಲ್ಲ. ಅವ್ವ ಚೀಲ ಹೊತ್ತು ಇಳಿದಳು, ನಾನು ಅವಳ ಹಿಂದೆ. ಕಂಬಗಳ ನಡುವೆ ಅವಳು ಅವಸರವಿಲ್ಲದೆ, ತನ್ನ ಮನೆಯ ಪಡಸಾಲೆಯಲ್ಲಿ ನಡೆದಂತೆ ನಡೆದಳು. ಬಸ್ಸು ನಮ್ಮ ಹಿಂದೆ ಸದ್ದು ತಗ್ಗಿಸಿಕೊಂಡು ನಿಧಾನ ಬಂತು. ಅವ್ವ ಆಚೆಗೆ ಹೋಗಿ ನಿಂತು, ಯಾರೂ ಕೇಳದೆ, ತಾನೇ ಚೀಲ ಬಿಚ್ಚಿ ತೋರಣವನ್ನು ಹೊರತೆಗೆದು ಬಿಸಿಲಿಗೆ ಹರವಿ ಹಿಡಿದಳು. ಬಸ್ಸಿನ ಹೆಂಗಸರೆಲ್ಲ ಇಳಿದು ಬಂದು ಗಿಳಿಗಳನ್ನು ಮುಟ್ಟಿ ಮುಟ್ಟಿ ನೋಡಿದರು. ಒಬ್ಬಳು ತನಗೂ ಕಲಿಸಬೇಕೆಂದು ಅಲ್ಲೇ ಅವಳ ಕೈ ಹಿಡಿದಳು. ಡ್ರೈವರು ತನ್ನ ಜಾಗದಿಂದಲೇ ಬಗ್ಗಿ ನೋಡಿ, "ಅವ್ವಾರ, ಊರು ಮುಟ್ಟೋತನಕ ನಮ್ಮ ಗಾಡಿಗೆ ಕಟ್ರಿ. ಹಬ್ಬ ಐತಿ" ಎಂದ.

ಕಂಡಕ್ಟರನೇ ಮೇಲೆ ಹತ್ತಿ ಕಟ್ಟಿದ. ಅಕ್ಕನ ಊರಿನ ಅಗಸಿಬಾಗಿಲ ಮುಂದೆ ಜನ ಕೆಲಸ ಬಿಟ್ಟು ನಿಂತು ನೋಡಿದರು. ಹಣೆಗೆ ತೋರಣ ಕಟ್ಟಿಕೊಂಡ ಬಸ್ಸು ಹಾರ್ನು ಬಾರಿಸುತ್ತ ಬಂತು. ಮುಂದಿನ ಸೀಟಿನಲ್ಲಿ, ಸೆರಗು ಸರಿಮಾಡಿಕೊಂಡು, ಬೆಟಗೇರಿಯ ನನ್ನ ಅವ್ವ ನೆಟ್ಟಗೆ ಕೂತಿದ್ದಳು.