ಬಸಿರು ಕೊಟ್ಟ ಬಿಡುವು

ನನ್ನ ಅಣ್ಣನ ಹೆಂಡತಿ, ನಮ್ಮ ವೈನಿ, ಮುಂಡರಗಿಯಿಂದ ಲಕ್ಷ್ಮೇಶ್ವರದ ನಮ್ಮ ಮನೆಗೆ ಬಂದದ್ದು ಎಪ್ಪತ್ತರ ದಶಕದ ಮೊದಲಿಗೆ. ನನಗಿಂತ ಸ್ವಲ್ಪವೇ ದೊಡ್ಡವಳಾದ್ದರಿಂದ ನಮ್ಮಿಬ್ಬರ ನಡುವೆ ಬಹುವಚನ ಬಹಳ ದಿನ ನಿಲ್ಲಲಿಲ್ಲ. ಗಟ್ಟಿ ಆಳು. ತುಂಬಿದ ಕೊಡವನ್ನು ಒಂದೇ ಕೈಯಲ್ಲಿ ಎತ್ತಿ ಟೊಂಕಕ್ಕೆ ಇಟ್ಟುಕೊಳ್ಳುತ್ತಿದ್ದಳು.

ಮರುವರ್ಷದ ಚಳಿಗಾಲದಲ್ಲಿ ಅವಳ ಎರಡೂ ಕೈಗಳ ಬೆರಳ ಗಿಣ್ಣುಗಳು ಒಟ್ಟಿಗೇ ಬಾತುಕೊಂಡವು. ಆಮೇಲೆ ಮಣಿಕಟ್ಟು, ಆಮೇಲೆ ಮೊಣಕಾಲು. ಬೆಳಿಗ್ಗೆ ಏಳುವಾಗ ಮೈಯೆಲ್ಲ ಕಟ್ಟಿಗೆಯಂತೆ ಬಿಗಿದಿರುತ್ತಿತ್ತು. ಬಿಸಿಲು ಅಂಗಳ ತುಂಬಿದ ಮೇಲಷ್ಟೇ ಬೆರಳು ಮಡಚಲು ಬರುತ್ತಿತ್ತು. ಕೈ ಮೇಲೆತ್ತಲು ಆಗದ್ದರಿಂದ ಅವಳಿಗೆ ಹೆರಳು ಹಾಕುವ ಕೆಲಸ ನನ್ನದಾಯಿತು. ಒಮ್ಮೆ ಅವಳ ಮಣಿಕಟ್ಟು ಹಿಡಿದಾಗ ಬೆಚ್ಚಿದೆ. ಮೈಯಲ್ಲಿ ಜ್ವರವಿಲ್ಲ, ಆ ಒಂದು ಕೀಲು ಮಾತ್ರ ಸುಡುತ್ತಿತ್ತು.

ಅವ್ವ ಇದು ವಾಯು ಎಂದಳು. ಎಕ್ಕೆಯ ಎಲೆ ಬಿಸಿ ಮಾಡಿ ಕಟ್ಟಿದೆವು, ಉಪ್ಪಿನ ಶಾಖ ಕೊಟ್ಟೆವು. ಕಡಿಮೆಯಾಗದಾಗ ಅಣ್ಣ ಅವಳನ್ನು ಗದಗಿಗೆ ಕರೆತಂದ. ಅಷ್ಟರಲ್ಲಿ ನಾನು ಗದಗಿನ ಪಕ್ಕದ ಬೆಟಗೇರಿಯ ಚಿಗವ್ವನ ಮನೆ ಸೇರಿ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದೆ. ಹೀಗಾಗಿ ಡಾಕ್ಟರರ ಬಳಿ ನಾನೂ ಜೊತೆಗಿದ್ದೆ.

ವಯಸ್ಸಾದ ಡಾಕ್ಟರು, ಮಾತು ನಿಧಾನ. ವೈನಿಯ ಬೆರಳುಗಳನ್ನು ಒಂದೊಂದಾಗಿ ಒತ್ತಿ ನೋಡಿದರು. ಊಟವಾದ ಮೇಲೆ ನುಂಗಲು ಆಸ್ಪಿರಿನ್ ಗುಳಿಗೆ ಬರೆದುಕೊಟ್ಟು, ಕಿವಿಯೊಳಗೆ ಗುಂಯ್ ಎನ್ನತೊಡಗಿದರೆ ಬಂದು ಹೇಳಬೇಕು, ಆಗ ಗುಳಿಗೆ ಹೆಚ್ಚಾಯಿತು ಅಂತ ಅರ್ಥ ಎಂದರು. ತಲೆನೋವಿನ ಗುಳಿಗೆಯಿಂದ ಇಂಥ ರೋಗ ಹೋಗುತ್ತದೆಯೇ ಎಂದು ಅಣ್ಣನಿಗೆ ಅನುಮಾನ. ಡಾಕ್ಟರು ಪೆನ್ನು ಕೆಳಗಿಟ್ಟರು.

“ಇದು ಹೊರಗಿಂದ ಬಂದ ರೋಗ ಅಲ್ಲ. ಗಾಯ ಆದಾಗ ಬಾವು ತರೋ ರಸ ನಮ್ಮ ಮೈಯೊಳಗನ ಹುಟ್ತಾವ. ಅವು ಬಂದ್ರನ ಗಾಯ ಮಾಯತೈತಿ. ಈಕಿಗೆ ಗಾಯ ಇಲ್ಲದನ ಹುಟ್ಟಾಕತ್ತಾವ. ಈ ಗುಳಿಗಿ ನಮ್ಮ ಅಪ್ಪನ ಕಾಲದಿಂದ ಐತಿ. ಅದು ಹೆಂಗ ಕೆಲಸ ಮಾಡತೈತಿ ಅನ್ನೋದು ಈಗೀಗ ಗೊತ್ತಾಗೇತಿ. ಆ ರಸದಾಗ ಒಂದು ಜಾತೀದು ಹುಟ್ಟದಂಗ ತಡೀತೈತಿ.”

ನಾನು ಅದರ ಹೆಸರು ಕೇಳಿದೆ. ಪ್ರೋಸ್ಟಾಗ್ಲಾಂಡಿನ್ ಎಂದರು. ನನ್ನ ಪಠ್ಯದಲ್ಲಿ ಆ ಹೆಸರೇ ಇರಲಿಲ್ಲ. ಅವರ ಜೊತೆ ಊರಿಗೆ ಹೋಗುವ ಬಸ್ಸಿನಲ್ಲಿ ಮರೆಯದಂತೆ ಹೇಳಿಕೊಳ್ಳುತ್ತ, ಪಕ್ಕದಲ್ಲಿ ಕಣ್ಣು ಮುಚ್ಚಿ ಕುಳಿತ ವೈನಿಯನ್ನು ನೋಡುತ್ತಿದ್ದೆ. ಕಣ್ಣಿಗೆ ಕಾಣದ ಒಂದು ಹನಿ, ಅದೂ ಅವಳದೇ ಮೈ ಮಾಡಿದ್ದು, ಅಂಥ ಆಳನ್ನು ಹೀಗೆ ಕೂರಿಸಿತ್ತು.

ಗುಳಿಗೆಯಿಂದ ಅರ್ಧ ನೋವು ಇಳಿಯಿತು, ಅರ್ಧ ಉಳಿಯಿತು. ಹೀಗೇ ಎರಡು ವರ್ಷ. ಅಷ್ಟರಲ್ಲಿ ವೈನಿ ಬಸುರಿಯಾದಳು. ಮನೆಯಲ್ಲಿ ಸಂತೋಷಕ್ಕಿಂತ ಅಂಜಿಕೆಯೇ ಹೆಚ್ಚಾಯಿತು, ಏಕೆಂದರೆ ಬಸುರಿಗೆ ಈ ಗುಳಿಗೆ ಬೇಡವೆಂದು ಡಾಕ್ಟರು ನಿಲ್ಲಿಸಿಬಿಟ್ಟರು. ಇನ್ನು ಹಾಸಿಗೆ ಹಿಡಿಯುತ್ತಾಳೆ ಎಂದು ಅವ್ವ ಅಡುಗೆಗೆ ಬೇರೆ ಹೆಣ್ಣುಮಗಳನ್ನು ಗೊತ್ತು ಮಾಡಿದಳು.

ನಾಲ್ಕನೆಯ ತಿಂಗಳಿರಬೇಕು. ರಜೆಗೆ ಊರಿಗೆ ಬಂದಿದ್ದ ನನಗೆ ಬೆಳಿಗ್ಗೆ ರೊಟ್ಟಿ ಬಡಿಯುವ ಸಪ್ಪಳಕ್ಕೆ ಎಚ್ಚರವಾಯಿತು. ಅಡುಗೆಯವಳು ಬೇಗ ಬಂದಳೆಂದುಕೊಂಡು ಎದ್ದು ಹೋದರೆ, ಹಿಟ್ಟು ನಾದುವ ಕೊಣಮಿಗೆಯ ಮುಂದೆ ವೈನಿ ಕುಳಿತಿದ್ದಳು. ಜೋಳದ ಹಿಟ್ಟಿನ ಮೇಲೆ ಎರಡೂ ಅಂಗೈ ಸರಾಗವಾಗಿ ಬೀಳುತ್ತಿದ್ದವು. ಅವ್ವ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ನಾನು ವೈನಿಯ ಕೈ ಹಿಡಿದು ನೋಡಿದೆ. ಬಾವಿಲ್ಲ. ಮಣಿಕಟ್ಟು ನನ್ನದರಷ್ಟೇ ತಣ್ಣಗಿತ್ತು. ಗುಳಿಗೆ ನುಂಗುತ್ತಿದ್ದೀಯೇನು ಎಂದರೆ, ನಿಲ್ಲಿಸಿದ ಮೇಲೆ ಒಂದನ್ನೂ ಮುಟ್ಟಿಲ್ಲ ಎಂದಳು.

ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ಅಣ್ಣ, ವೈನಿ, ನಾನು ಮೂವರೂ ಗದಗಿಗೆ ಹೋದೆವು. ಡಾಕ್ಟರು ಆಶ್ಚರ್ಯಪಡಲಿಲ್ಲ. ಮುಗುಳ್ನಕ್ಕು, ಹೀಗೆ ಆಗುವುದನ್ನು ಮೊದಲೂ ನೋಡಿದ್ದೇನೆ ಎಂದರು. ಬಸುರಿಯರ ಕೀಲುನೋವು ಇಳಿಯುವುದನ್ನು ಕಂಡೇ, ಮೈಯೊಳಗೆ ಎಲ್ಲೋ ಔಷಧ ಹುಟ್ಟುತ್ತಿರಬೇಕೆಂದು ಹಿಂದಿನ ವೈದ್ಯರು ಹುಡುಕಲು ಹೊರಟರಂತೆ. ಹುಡುಕುತ್ತ ಒಂದು ದೊಡ್ಡ ಔಷಧವೂ ಸಿಕ್ಕಿತಂತೆ. ಆದರೆ ಬಸುರಿಯ ಮೈಯಲ್ಲಿ ನಡೆಯುವುದು ಏನೆಂದು ಇನ್ನೂ ಪೂರ್ತಿ ತಿಳಿದಿಲ್ಲ ಎಂದರು. ಆಮೇಲೆ ದನಿ ತಗ್ಗಿಸಿ, ಹೆರಿಗೆಯಾದ ಮೇಲೆ ನೋವು ಬಹುಶಃ ತಿರುಗಿ ಬರುತ್ತದೆ, ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು ಎಂದರು.

ವೈನಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. “ಅಂದ್ರ ಈ ಕೂಸು ನನ್ನ ನೋವು ಹಿಡಕೊಂಡು ಕುಂತೈತೇನ್ರಿ?”

“ಹಂಗ ಅಂದ್ರೂ ತಪ್ಪಿಲ್ಲ, ನೋಡವಾ,” ಎಂದರು ಡಾಕ್ಟರು.

ನೋವು ತಿರುಗಿ ಬರುತ್ತದೆಂದು ಗೊತ್ತಿದ್ದವಳು ಸುಮ್ಮನೆ ಕೂರಲಿಲ್ಲ. ಹಳೆಯ ಸೀರೆಗಳನ್ನು ಕತ್ತರಿಸಿ ಕೌದಿ ಹೊಲಿದಳು. ಸೂಜಿ ಹಿಡಿಯಲಾಗದಿದ್ದ ಬೆರಳುಗಳು ಎಳ್ಳಿನಷ್ಟು ಸಣ್ಣ ಹೊಲಿಗೆ ಹಾಕುವುದನ್ನು ನಾನು ಓದು ಬಿಟ್ಟು ನೋಡುತ್ತ ಕೂರುತ್ತಿದ್ದೆ. ಅವಳು ಒಮ್ಮೆ ತನ್ನ ಹೆರಳು ತಾನೇ ಹಾಕಿಕೊಂಡು ನನ್ನದನ್ನೂ ಹಾಕಿದಳು.

ಹೆಣ್ಣುಕೂಸು ಹುಟ್ಟಿದ್ದು ಅವಳ ತವರು ಮುಂಡರಗಿಯಲ್ಲಿ. ಕೂಸನ್ನು ತೊಟ್ಟಿಲಿಗೆ ಹಾಕಿದ ಕೆಲವು ವಾರಗಳಲ್ಲೇ ಡಾಕ್ಟರರ ಮಾತು ಖರೆಯಾಯಿತು. ನಾನು ಹೋದಾಗ ಅವಳ ಬೆರಳುಗಳು ಮೊದಲಿಗಿಂತ ಹೆಚ್ಚು ಬಾತಿದ್ದವು. ಕೂಸು ಅತ್ತರೆ ಎತ್ತಿಕೊಳ್ಳಲು ಆಗದು. ಅವಳ ತಾಯಿ ಕೂಸನ್ನು ಇವಳ ಎದೆಗೆ ಹಿಡಿದಿರಬೇಕು, ಇವಳು ಹಾಲು ಕುಡಿಸಬೇಕು.

“ಹಡಿಯೂಮುಂದ ಅಳಲಿಲ್ಲ ತಂಗಿ, ಇದಕ್ಕ ಅತ್ತುಬಿಟ್ಟೆ,” ಎಂದಳು.

ಡಾಕ್ಟರು ಈ ಸಲ ಸ್ಟಿರಾಯ್ಡ್ ಕೊಟ್ಟರು. ಬಸುರಿಯರನ್ನು ನೋಡಿ ಹುಡುಕಲು ಹೊರಟವರಿಗೆ ಸಿಕ್ಕ ಔಷಧದ ವಂಶದ್ದೇ ಇದು, ಇದರಂಥದ್ದನ್ನು ನಮ್ಮ ಮೈ ತಾನೇ ಮಾಡಿಕೊಳ್ಳುತ್ತದೆ ಎಂದು ನನಗೆ ವಿವರಿಸಿದರು. ತಾವಾಗಿ ಒಮ್ಮೆಲೇ ನಿಲ್ಲಿಸಬಾರದು ಎಂದು ಅಣ್ಣನಿಂದ ಭಾಷೆ ತೆಗೆದುಕೊಂಡರು. ಸಾಸಿವೆಗಿಂತ ಸ್ವಲ್ಪ ದೊಡ್ಡ ಗುಳಿಗೆ. ಎರಡೇ ದಿನಕ್ಕೆ ವೈನಿ ಕೂಸನ್ನು ತಾನೇ ಎತ್ತಿಕೊಂಡು ಅಂಗಳಕ್ಕೆ ಬಂದಳು. ಅವಳ ತಾಯಿ ಓಡಿ ಬಂದು ಕೆಳಗೆ ಕೈಯೊಡ್ಡಿ ನಿಂತರು, ಆದರೆ ಕೂಸು ಬೀಳಲಿಲ್ಲ.

ತಿಂಗಳುಗಳು ಕಳೆದಂತೆ ಆ ಗುಳಿಗೆಯಿಂದ ಅವಳ ಮುಖ ಹುಣ್ಣಿಮೆಯ ಚಂದ್ರನಂತೆ ಊದಿತು. ಡಾಕ್ಟರು ಗುಳಿಗೆಯನ್ನು ಇಷ್ಟಿಷ್ಟೇ ಇಳಿಸುತ್ತ, ಮಲೇರಿಯಾಕ್ಕೆ ಕೊಡುವ, ಈ ಬಾವನ್ನೂ ತಗ್ಗಿಸುವ ಗುಳಿಗೆಯನ್ನು ಜೊತೆಗೆ ಶುರು ಮಾಡಿದರು. ಇನ್ನೊಂದು ಹಡೆದರೆ ಮತ್ತೆ ಆರಾಮ ಆಗುತ್ತದಲ್ಲ ಎಂದು ಅವ್ವ ಒಮ್ಮೆ ಅಂದಳು. “ಹಂಗಾದ್ರ ನಾ ವರ್ಷಾ ವರ್ಷಾ ಬಸುರಾಗಬೇಕೇನ್ರಿ ಅತ್ತಿ?” ಎಂದು ವೈನಿ ಕೇಳಿದಾಗ ಅವ್ವನಿಗೇ ನಗು ಬಂತು. ಆ ಮಾತು ಅಲ್ಲಿಗೇ ಮುಗಿಯಿತು.

ಎಂಬತ್ತರ ದಶಕ ಅರ್ಧ ಕಳೆಯುವ ಹೊತ್ತಿಗೆ ರೋಗ ತಣ್ಣಗಾಗಿತ್ತು. ಬೆರಳುಗಳು ಒಂದು ಕಡೆಗೆ ವಾಲಿಕೊಂಡು ಉಳಿದವು, ಆದರೆ ಸುಡುತ್ತಿರಲಿಲ್ಲ. ನಾನು ಆಗ ಶಿರಹಟ್ಟಿಯ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಒಮ್ಮೆ ವೈನಿ ಮಗಳೊಂದಿಗೆ ನನ್ನಲ್ಲಿಗೆ ಬಂದಿದ್ದಾಗ ನನ್ನ ಹಿಮ್ಮಡಿಗೆ ಜಾಲಿಮುಳ್ಳು ಚುಚ್ಚಿತು. ಮರುದಿನ ಅಲ್ಲಿ ಕೆಂಪಗೆ ಬಾತು, ಬಿಸಿಯಾಗಿ ನೋಯತೊಡಗಿತು. ವೈನಿ ತನ್ನ ವಾಲಿದ ಬೆರಳುಗಳಿಂದ ಮುಳ್ಳಿನ ಮುರುಕು ತೆಗೆದು, ಆ ಬಾವನ್ನು ಬಹಳ ಹೊತ್ತು ನೋಡಿದಳು. ಅವಳು ಊರಿಗೆ ಹೊರಡುವ ಹೊತ್ತಿಗೆ ಅದು ತಾನಾಗಿಯೇ ಇಳಿದು, ಗುರುತೂ ಇಲ್ಲದಂತಾಗಿತ್ತು.

“ನಿನಗ ಬಂದಿದ್ದೂ ಅದ ರಸ ಹೌದಲ್ಲ?” ಎಂದು ಕೇಳಿದಳು. ಹೌದೆಂದೆ.

“ಸಾಕು, ಇನ್ನ ಹೋಗು ಅಂತ ಅದಕ್ಕ ಯಾರು ಹೇಳತಾರ?”

ನಾನು ಕಲಿಸುವ ಪುಸ್ತಕದಲ್ಲಿ ಅದು ಇರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಮಗಳು ಹೊರಗಿನಿಂದ ಬಸ್ಸು ಬಂತೆಂದು ಕೂಗಿದಳು. ವೈನಿ ಚೀಲ ಹೆಗಲಿಗೇರಿಸಿಕೊಂಡಳು. ಬಸ್ಸು ಹತ್ತುವವರೆಗೂ ಅವಳು ಅದನ್ನೇ ಯೋಚಿಸುತ್ತಿದ್ದದ್ದು ಮುಖದಲ್ಲಿ ಕಾಣುತ್ತಿತ್ತು.